ಬಟ್ಟೆ ಒಗೆಯುವ ಕಲ್ಲಿನ ಪಾಠ

ತೊಂಬತ್ತರ ದಶಕದ ಶುರುವಿನಲ್ಲಿ ತೊಣ್ಣೂರು ಕಡೆಯ ಹಳ್ಳಿಯೊಂದರ ಪ್ರಾಥಮಿಕ ಶಾಲೆಗೆ ಮೇಷ್ಟರಾಗಿ ಹೋದೆ. ಸಮಾಜ ಪುಸ್ತಕದಲ್ಲಿ ಹೊಯ್ಸಳರದೊಂದು ಪಾಠ, ಬ್ರಿಟಿಷರದೊಂದು ಪಾಠ. ನಡುವೆ ಭೂಮಿಯ ಮೇಲೆ ಯಾರೂ ಇದ್ದಂತಿರಲಿಲ್ಲ. ವರ್ಷಕ್ಕೊಮ್ಮೆ ಮಕ್ಕಳನ್ನು ಬಸ್ಸಿಗೆ ತುಂಬಿ ಶ್ರೀರಂಗಪಟ್ಟಣಕ್ಕೆ ಒಯ್ಯುವುದು, ಕೋಟೆಯ ನೆರಳಲ್ಲಿ ಚಿತ್ರಾನ್ನ ತಿನ್ನಿಸುವುದು, ಬರುವಾಗ ಅದನ್ನೇ ಬಸ್ಸಿನ ಕಿಟಕಿಯಿಂದ ಕಕ್ಕಿಸುವುದು. ಅಲ್ಲಿಗೆ ಆ ವರ್ಷದ ಚರಿತ್ರೆ ಮುಗಿಯಿತು. ಹೆಡ್ ಮೇಷ್ಟರಿಗೆ ಅಷ್ಟೇ ಸಾಕಾಗಿತ್ತು.

ನನಗೆ ಹೊಸ ಕೆಲಸದ ಹುರುಪು. ಊರಾಚೆ ನಾಲೆಯ ಪಕ್ಕ ಹಳೆಯ ವೀರಗಲ್ಲೊಂದು ಬಿದ್ದಿತ್ತು. ದಲಿತರ ಕೇರಿಯ ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಐದನೇ ಕ್ಲಾಸಿನವರನ್ನು ಅಲ್ಲಿಗೇ ಕರೆದೊಯ್ದೆ. ಕೆತ್ತನೆ ಸವೆದುಹೋಗಿ ನನಗೇನೂ ಕಾಣಲಿಲ್ಲ. ಆ ಕೇರಿಯ ಹುಡುಗಿಯೊಬ್ಬಳು ನನ್ನ ಕೈ ಹಿಡಿದು ಕಲ್ಲಿನ ಮೇಲೆ ಇರಿಸಿದಳು.

"ಇಲ್ಲೊಂದು ದನ ಅದೆ ಸಾ. ದಿನಾ ಒಗೀತೀನಲ್ಲ, ನಂಗೊತ್ತು."

ದನಗಳ್ಳರನ್ನು ತಡೆಯಲು ಹೋಗಿ ಸತ್ತ ಈ ಊರಿನವನ ಕಲ್ಲು ಇದು, ಹೊಯ್ಸಳರ ಕಾಲದ್ದಿರಬಹುದು ಎಂದೆ.

"ಅಂಗಾದ್ರೆ ಪುಸ್ತಕದೋರು ಇದ್ದಾಗ ನಮ್ಮೂರೂ ಇತ್ತಾ ಸಾ?"

ಆ ಒಂದು ಪ್ರಶ್ನೆಗೆ ನಾನು ಹಿಗ್ಗಿ ಹೀರೇಕಾಯಿಯಾದೆ.

ಮಕ್ಕಳು ಮನೆಗಳಲ್ಲಿ ಹೇಳಿದರು. ವಾರದೊಳಗೆ ಊರಿನ ಯಜಮಾನರು ಕಲ್ಲನ್ನು ಎತ್ತಿ ನಿಲ್ಲಿಸಿ, ತಗಡಿನ ಚಪ್ಪರ ಹಾಕಿ, ದನ, ವೀರ ಎರಡೂ ಮುಚ್ಚಿಹೋಗುವಂತೆ ಬೆಳ್ಳಿ ಬಣ್ಣ ಬಳಿದರು. "ಪಾಪ, ದೇವ್ರು ಇಷ್ಟ್ ದಿನ ಮೈಲಿಗೇಲಿ ಬಿದ್ದಿದ್ದ ಕಣ್ಲಾ" ಎಂದು ಮರುಗಿದರು. ಸುತ್ತ ಬೇಲಿ ಎದ್ದಿತು. ಕೇರಿಯವರು ಅದರಾಚೆ. ಪೂಜೆಯ ದಿನ ದೇವರನ್ನು ಹುಡುಕಿಕೊಟ್ಟವನೆಂದು ನನಗೆ ಹಾರ ಹಾಕಿದರು. ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕತ್ತು ಬಗ್ಗಿಸಿ ಹಾಕಿಸಿಕೊಂಡೆ, ತೆಂಗಿನಕಾಯಿಯ ಹೋಳನ್ನೂ ಮನೆಗೆ ತಂದೆ.

ಮುಂದಿನ ವಾರ ಪರೀಕ್ಷೆಯ ತಯಾರಿ. ವೀರಗಲ್ಲು ಎಂದರೇನು ಎಂದು ಕೇಳಿದೆ. ಕೈ ಎತ್ತಿದವಳು ಅವಳೊಬ್ಬಳೇ.

"ನಾವು ಮುಟ್ಬಾರ್ದ ಕಲ್ಲು ಸಾ."

ಕೂತ್ಕೊಳಮ್ಮ ಎಂದೆ.