ಐತ್ತಪ್ಪಣ್ಣ ಮತ್ತು ತೊಟ್ಟಿಯ ಕೆಳಗಿನ ಮರಳು

ಐತ್ತಪ್ಪಣ್ಣನಿಗೆ ಬೈಯದೆ ಮಾತಾಡಲು ಬರುತ್ತಿರಲಿಲ್ಲ. ನಮಸ್ಕಾರ ಎಂದರೂ "ಅದು ಇರ್ಲಿ, ತೊಟ್ಟಿಯ ಲೈಟ್ ಆಫ್ ಮಾಡಿದ್ದು ಯಾರು?" ಎಂಬ ಉತ್ತರ. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿಗೆ ಅವರು ಅಟೆಂಡರ್. ಊರು ಇಚಿಲಂಪಾಡಿ. ಕಡಲಿಗೂ ಅವರಿಗೂ ಹುಟ್ಟಿನಿಂದ ಯಾವ ಸಂಬಂಧವೂ ಇಲ್ಲ. ಆದರೆ ಲ್ಯಾಬಿನ ಮೂಲೆಯಲ್ಲಿ ಒಂಬತ್ತು ವರ್ಷದಿಂದ ಉಪ್ಪುನೀರಿನ ತೊಟ್ಟಿಯೊಂದನ್ನು ಸಾಕಿದ್ದರು. ಎರಡು ಪಟ್ಟೆಪಟ್ಟೆ ಮೀನು, ಹೂವಿನಂತೆ ಅರಳುವ ಪ್ರಾಣಿ ಕಡಲಹೂವು ಒಂದು.

ನೀರು ತರಲು ಉಳ್ಳಾಲದ ಕಡಲತೀರಕ್ಕೆ ಬಸ್ಸಿನಲ್ಲೇ ಹೋಗುತ್ತಿದ್ದರು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರ್ ಕ್ಯಾನು ನೋಡಿ, ನೀರಿಗಾಗಿ ಇಷ್ಟು ದೂರ ಯಾಕೆ, ನಿಮ್ಮ ಊರಲ್ಲಿ ಬಾವಿ ಇಲ್ಲವಾ ಎಂದು ನಕ್ಕ. "ಇದು ನೀರಲ್ಲ ಮಾರಾಯ, ಕಡಲು. ಕಾಲು ತಾಗಿಸ್ಬೇಡ" ಎಂದು ಇಡೀ ಬಸ್ಸಿಗೆ ಕೇಳುವಂತೆ ಬೈದರು.

ನಾನು ಲೆಕ್ಚರರ್ ಆಗಿ ಸೇರಿದ ಮೊದಲ ವಾರವೇ, ತೊಟ್ಟಿಯ ತಳದ ಮರಳು ಕಾಣುವಲ್ಲಿ ಗಾಜಿನ ಮೇಲೆ ನನ್ನ ಬೆರಳನ್ನು ಬರೀ ಗದರಿಸಿಯೇ ಇಡಿಸಿದ್ದರು.

"ಮೇಲಿನ ಒಂದು ಇಂಚು ಬೆಳ್ಳಗೆ ಉಂಟಲ್ಲ, ಅದು ಜೀವ ಇರುವ ಮರಳು ಮೇಡಂ. ತೊಟ್ಟಿ ಜಾಗ ಬದಲಿಸುವಾಗ ಅದನ್ನು ಅದೇ ನೀರಲ್ಲಿ ತೆಗೆದಿಡುದು. ಕೆಳಗಿನ ಕಪ್ಪು ಬಿಸಾಡುದು. ತೊಳೆಯುದಲ್ಲ, ಕಲಕುದಲ್ಲ, ಬಿಸಾಡುದು. ಇಷ್ಟು ವರ್ಷದ ವಿಷ ಅದು. ಮರಳು ಸಮೇತ ತೊಟ್ಟಿ ಎತ್ತಿದವ ಮೀನು ಕೊಂದ ಅಂತಲೇ ಲೆಕ್ಕ."

ಇಷ್ಟು ಸ್ಪಷ್ಟವಾಗಿ ನನಗೆ ಪಾಠ ಮಾಡಿದ ಪ್ರೊಫೆಸರರು ಯಾರೂ ಇಲ್ಲ. ಅದಕ್ಕೇ ನನ್ನ ಮೇಲೆ ನನಗೆ ಇಷ್ಟು ಸಿಟ್ಟು.

ಕಾಲೇಜನ್ನು ತಪಾಸಣೆ ಮಾಡಲು ಕಮಿಟಿ ಬರುವುದಿತ್ತು. ಬಾಗಿಲಲ್ಲೇ ಮೀನು ಕಾಣಬೇಕು, ತೊಟ್ಟಿ ಕೆಳಗಿನ ಹಜಾರಕ್ಕೆ ಬರಲಿ ಎಂದು ಪ್ರಿನ್ಸಿಪಾಲರ ಅಪ್ಪಣೆ. ಹಿಂದಿನ ದಿನ ಐತ್ತಪ್ಪಣ್ಣ ಹೊಸ ನೀರಿಗೆಂದು ಮೊದಲ ಬಸ್ಸಿಗೇ ಹೊರಟರು. "ಎರಡು ಗಂಟೆಗೆ ಬರ್ತೇನೆ. ಅಷ್ಟರ ತನಕ ಯಾರೂ ಮುಟ್ಟಬಾರ್ದು" ಎಂದು ನನಗೇ ಹೇಳಿ ಹೋದರು.

ಹನ್ನೊಂದಕ್ಕೆ ಪ್ರಿನ್ಸಿಪಾಲರು ಬಂದರು. ಗೋಡೆಗೆ ಬಣ್ಣ ಬಳಿಯುವವರು ನಾಲ್ಕು ಜನ ಖಾಲಿ ನಿಂತಿದ್ದರು. "ಇವರ ಕೈಯಲ್ಲಿ ಎತ್ತಿಸಿ ಮೇಡಂ. ಐತ್ತಪ್ಪನನ್ನು ಕಾದರೆ ಕಮಿಟಿ ಬಂದು ಊಟ ಮಾಡಿ ಹೋದೀತು." ಕಮಿಟಿಯ ಬೆನ್ನಿಗೇ ನನ್ನ ಕೆಲಸ ಖಾಯಂ ಆಗುವ ಪತ್ರಕ್ಕೆ ಅವರ ಸಹಿ ಬೀಳುವುದಿತ್ತು. ನಾನು ಅರ್ಧ ನೀರು ಬಕೆಟಿಗೆ ತೆಗೆಸಿದೆ. ಮೀನನ್ನೂ ತೆಗೆಯಲಿಲ್ಲ, ಮರಳನ್ನೂ ತೆಗೆಯಲಿಲ್ಲ.

ಮೆಟ್ಟಿಲಲ್ಲಿ ತೊಟ್ಟಿ ವಾಲಿತು. ಮರಳೆಲ್ಲ ಒಂದು ಬದಿಗೆ ಜಾರಿ ಕೆಳಗಿನದು ಮೇಲೆ ಬಂತು. ಹಜಾರದಲ್ಲಿಟ್ಟು ನೀರು ಸುರಿದಾಗ ಕೊಳೆತ ಮೊಟ್ಟೆಯ ವಾಸನೆ ಆಫೀಸಿನ ತನಕ ಹೋಯಿತು. ಪ್ರಿನ್ಸಿಪಾಲರು ಊದುಬತ್ತಿ ಹಚ್ಚಲು ಹೇಳಿದರು! ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಒಂದೂವರೆಗೆ ಎರಡೂ ಮಗುಚಿದವು. ಕಡಲಹೂವು ಮುದ್ದೆಯಾಗಿ ಬಿದ್ದಿತ್ತು.

ಎರಡಕ್ಕೆ ಸರಿಯಾಗಿ ಐತ್ತಪ್ಪಣ್ಣ ನಾಲ್ಕು ಕ್ಯಾನು ಕಡಲು ಇಳಿಸಿಕೊಂಡು ಬಂದರು. ನೋಡಿದರು. ಬೈಯಲಿಲ್ಲ.

"ಪ್ರಿನ್ಸಿಪಾಲ್ರು ಹೇಳಿದ್ರು" ಎಂದೆ.

"ಹೇಳಿದ್ದು ಅವರು. ಗೊತ್ತಿದ್ದದ್ದು ನಿಮಗೆ" ಎಂದು ಕೈ ಅದ್ದಿ ಮೀನು ತೆಗೆದರು.

ಕಮಿಟಿ ಬಂದು ಹೋದ ಮೇಲೆ, ತೊಟ್ಟಿ ಹಾಳಾದ ಬಗ್ಗೆ ವರದಿ ಬೇಕು ಎಂದು ಪ್ರಿನ್ಸಿಪಾಲರ ಚೀಟಿ ಬಂತು. ಎತ್ತಿಸಿದವರೇ ಕಾರಣ ಕೇಳುತ್ತಿದ್ದರು, ನಾಚಿಕೆ ಬೇಡವೇ? ನಾನು ಖಾಲಿ ಕಾಗದದ ಎದುರು ಕೂತಿದ್ದೆ. ಐತ್ತಪ್ಪಣ್ಣ ಬೀಕರು ಒರೆಸುತ್ತಿದ್ದವರು ಹತ್ತಿರ ಬಂದರು.

"ಎಂತ ನೋಡುದು? ಅಟೆಂಡರ್ ಹೇಳದೆ ಹೋಗಿದ್ದ, ಎತ್ತುವ ಕ್ರಮ ಯಾರಿಗೂ ತಿಳಿಸಿರ್ಲಿಲ್ಲ ಅಂತ ಬರೀರಿ. ನನಗೆ ಇನ್ನು ಎರಡು ತಿಂಗಳು ಸರ್ವಿಸ್ ಇರುದು. ನಿಮ್ಮ ಆರ್ಡರ್ ಆಗ್ಲಿಕ್ಕೆ ಉಂಟಲ್ಲ."

"ಬೇಡ ಐತ್ತಪ್ಪಣ್ಣ" ಎಂದೆ. ಒಂದೇ ಸಲ ಎಂದೆ. ಆಮೇಲೆ ಬರೆದೆ.

ಅವರ ಬೀಳ್ಕೊಡುಗೆಯಲ್ಲಿ ಪ್ರಿನ್ಸಿಪಾಲರು ಶಾಲು ಹೊದೆಸಿ ಪ್ರಾಮಾಣಿಕತೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಎದ್ದು ನಿಂತು ಕಿರುಚಬೇಕೆನಿಸಿತು. ಚಪ್ಪಾಳೆ ತಟ್ಟಿದೆ. ಇಚಿಲಂಪಾಡಿಗೆ ಒಮ್ಮೆ ಹೋಗಿ ಬರೋಣ ಎಂದುಕೊಂಡೇ ವರ್ಷಗಳು ಹೋದವು. ಕಳೆದ ವರ್ಷ ಅವರು ತೀರಿಕೊಂಡ ಸುದ್ದಿ ಸ್ಟಾಫಿನ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು.

ಈಗ ವಿಭಾಗದ ಕಪಾಟಿನ ಕೀಲಿ ನನ್ನ ಕೈಯಲ್ಲಿದೆ. ಮೊನ್ನೆ ಆ ವರದಿಯನ್ನು ತೆಗೆದು ನೋಡಿದೆ. ನನ್ನ ದುಂಡಗಿನ ಅಕ್ಷರದ ಕೆಳಗೆ ಅವರು "ಮೇಲೆ ಬರೆದದ್ದು ನಿಜ" ಎಂದು ಬರೆದು ಸಹಿ ಹಾಕಿದ್ದಾರೆ. ಐತ್ತಪ್ಪಣ್ಣ ಹೇಳಿದ ಸುಳ್ಳು ನನಗೆ ಗೊತ್ತಿದ್ದಂತೆ ಅದೊಂದೇ. ಅದನ್ನು ಬರೆಸಿಕೊಂಡವಳು ನಾನು.