ಚಳಿ ತಾಗದ ಅಂಬ್ರೋಸ್ ಪಿಕಪ್

ಇಂಗ್ಲೆಂಡಿನ ಡಾರ್ವೆನ್ ಊರಿನಲ್ಲಿ ಪಿಕಪ್ ಎಂಬುದು ಒಂದು ಮನೆತನದ ಹೆಸರು. ಅಲ್ಲಿನ ಚರ್ಚಿನ ಹಿಂದೆ ಮಣ್ಣಾದವರಲ್ಲಿ ಪಿಕಪ್‌ಗಳಿಗೇನೂ ಬರವಿಲ್ಲ. ಹಾಗಾಗಿ ಅಂಬ್ರೋಸ್ ಪಿಕಪ್ ಲಾರಿ ಡ್ರೈವರಾದಾಗ ಊರಿನಲ್ಲಿ ಯಾರಿಗೂ ನಗು ಬರಲಿಲ್ಲ. ಅದರ ತಮಾಷೆ ಕನ್ನಡ ಬಲ್ಲವರಿಗೇ ಗೊತ್ತು. ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಸುರುಳಿಗಳನ್ನು ಹೊತ್ತು ಅವನ ಎಂಟು ಚಕ್ರದ ಲಾರಿ ಗ್ಲಾಸ್ಗೋ ದಾರಿಯ ಶ್ಯಾಪ್ ಗುಡ್ಡದ ಏರಿನಲ್ಲಿ ತೆವಳುವಾಗ, ಪಕ್ಕದ ಕುರಿಗಳು ಮೇಯುತ್ತ ಮೇಯುತ್ತಲೇ ಅದನ್ನು ಹಿಂದೆ ಹಾಕುತ್ತಿದ್ದವಂತೆ. ಪಿಕಪ್ ಇದ್ದದ್ದು ಲೈಸೆನ್ಸಿನಲ್ಲಿ ಮಾತ್ರ.

ಅಂಬ್ರೋಸನಿಗೆ ಈಗ ತೊಂಬತ್ತು ದಾಟಿದೆ. ಬೇಸಿಗೆ ಬಂತೆಂದರೆ ಹಳೆಯ ಲಾರಿಗಳನ್ನು ತಿಕ್ಕಿ ತೊಳೆದು ಮೈದಾನದಲ್ಲಿ ಸಾಲಾಗಿ ನಿಲ್ಲಿಸುತ್ತಾರಲ್ಲ, ಅಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಆಯುಷ್ಯದಲ್ಲಿ ಒಮ್ಮೆಯೂ ಗ್ರೀಸು ಮುಟ್ಟದ ಬ್ಯಾಂಕಿನವರು, ಮೇಷ್ಟರುಗಳು ಸುತ್ತ ನಿಂತು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಗೇರು ಬದಲಿಸುವಾಗ ಕ್ಲಚ್ಚನ್ನು ಎರಡು ಸಲ ಒತ್ತುತ್ತಿದ್ದದ್ದು, ಹಗ್ಗ ಬಿಗಿದು ಅಂಗೈ ಕಿತ್ತುಹೋದದ್ದು, ಡ್ರೈವರುಗಳ ವಸತಿಯಲ್ಲಿ ಇನ್ನೊಬ್ಬ ಎದ್ದುಹೋದ ಹಾಸಿಗೆಯಲ್ಲಿ ಅದರ ಬಿಸಿ ಆರುವ ಮೊದಲೇ ಮಲಗಿದ್ದು, ಎಲ್ಲವನ್ನೂ ಹೇಳುತ್ತಾನೆ. ಆದರೆ ಆಗಿನ ಚಳಿಯಲ್ಲಿ ಲಾರಿಯೊಳಗೆ ಹೀಟರಿಲ್ಲದೆ ಹೇಗೆ ಓಡಿಸಿದಿರಿ ಎಂದು ಯಾರಾದರೂ ಕೇಳಿದರೆ ಸಾಕು, ಗೇರ್‌ಬಾಕ್ಸಿನ ವಿಷಯಕ್ಕೆ ಹಾರಿಬಿಡುತ್ತಾನೆ. ಕೇಳಿದವರು, ಪಾಪ, ಎಷ್ಟು ವಿನಯ ಈ ಮುದುಕನಿಗೆ ಎಂದುಕೊಳ್ಳುತ್ತಾರೆ. ವಿನಯಕ್ಕೂ ಅವನಿಗೂ ಪರಿಚಯವೇ ಇಲ್ಲ.

ಅವನು ಕೆಲಸಕ್ಕಿದ್ದದ್ದು ಕ್ರಾಬ್‌ಟ್ರೀ ಎಂಬ ಧಣಿಯ ಹತ್ತಿರ. ಭಾನುವಾರ ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುವ, ಸೋಮವಾರ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದ ಮನುಷ್ಯ. ಬೆಚ್ಚಗಿದ್ದರೆ ಡ್ರೈವರು ನಿದ್ದೆ ಹೋಗುತ್ತಾನೆ, ನಡುಗುತ್ತಿದ್ದರೆ ಎಚ್ಚರವಾಗಿರುತ್ತಾನೆ ಎಂಬುದು ಅವನ ಸಿದ್ಧಾಂತ. ಹೀಗೆ ಹೇಳುವಾಗ ಅವನು ಸಾಮಾನ್ಯವಾಗಿ ಆಫೀಸಿನ ಬೆಂಕಿಗೂಡಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದ. ಡ್ರೈವರುಗಳೋ ಮಂಡಿಯವರೆಗೆ ಗೋಣಿಚೀಲ ಸುತ್ತಿ, ಅಂಗಿಯೊಳಗೆ ಹಳೆಯ ಪೇಪರು ತುರುಕಿಕೊಂಡು ಹೊರಡುತ್ತಿದ್ದರು. ಪೆಡಲಿನ ತೂತುಗಳಿಂದ ನುಗ್ಗಿದ ಗಾಳಿ ಪ್ಯಾಂಟಿನೊಳಗೆ ಹತ್ತಿ ಕಾಲರಿನಲ್ಲಿ ಹೊರಬರುತ್ತಿತ್ತು. ಮುಂದಿನ ಗಾಜು ಹಿಮಗಟ್ಟದಿರಲಿ ಎಂದು ಅದಕ್ಕೆ ಕತ್ತರಿಸಿದ ಆಲೂಗಡ್ಡೆ ಉಜ್ಜುತ್ತಿದ್ದರು.

ಅಂಬ್ರೋಸ್ ಮಾತ್ರ ಕೋಟಿನ ಗುಂಡಿ ಹಾಕುತ್ತಿರಲಿಲ್ಲ. ಗ್ಲಾಸ್ಗೋದಿಂದ ಜನವರಿಯಲ್ಲಿ ವಾಪಸು ಬಂದು ಇಳಿದಾಗಲೂ ಕೆನ್ನೆ ಕೆಂಪಗಿರುತ್ತಿತ್ತು. ಉಳಿದವರು ಕೈ ಉಜ್ಜಿಕೊಳ್ಳುತ್ತ ಬೆಂಕಿಯ ಹತ್ತಿರ ಓಡಿದರೆ, ಇವನು ನಿಧಾನವಾಗಿ ಬಂದು, ಈಗಿನ ಹುಡುಗರು ಅಮ್ಮನ ಸೆರಗಿನಿಂದ ಹೊರಗೆ ಬಂದದ್ದೇ ತಪ್ಪು ಎನ್ನುತ್ತಿದ್ದ. ಧಣಿ ಅವನನ್ನು ತಲೆಯ ಮೇಲೆ ಕೂರಿಸಿಕೊಂಡ. ಹೊಸ ಫೋಡೆನ್ ಲಾರಿ ಬಂದಾಗ ಅದು ಹೋದದ್ದು ಅಂಬ್ರೋಸನ ಕೈಗೇ.

ಅವನ ಹೆಂಡತಿ ಆಗ್ನೆಸ್‌ಗೆ ಮಾತ್ರ ಈ ಶೌರ್ಯದ ಗುಟ್ಟು ಗೊತ್ತಿತ್ತು, ಏಕೆಂದರೆ ಕಳೆದುಹೋದದ್ದು ಅವಳ ಬಿಸ್ಕತ್ತಿನ ದೊಡ್ಡ ಡಬ್ಬಿ. ಅಂಬ್ರೋಸ್ ಅದನ್ನು ಬಿಚ್ಚಿ, ಬಡಿದು, ಇಂಜಿನ್ನಿನಿಂದ ಬಿಸಿ ಹೊಗೆ ಹೊರಹೋಗುವ ಕೊಳವೆಯ ಸುತ್ತ ಅಂಗಿಯಂತೆ ತೊಡಿಸಿದ್ದ. ಹೊಗೆ ತನ್ನ ಪಾಡಿಗೆ ಹೊರಗೆ ಹೋಗುತ್ತಿತ್ತು; ಕೊಳವೆಗೂ ಡಬ್ಬಿಗೂ ನಡುವೆ ಕಾದ ಗಾಳಿ, ಕಸ ಹೀರುವ ಹಳೆಯ ಯಂತ್ರವೊಂದರ ರಬ್ಬರ್ ಪೈಪಿನಲ್ಲಿ ಹಾದು ಅವನ ಸೀಟಿನ ಕೆಳಗೆ ಬರುತ್ತಿತ್ತು. ಕೈಕೆಲಸವೇನೋ ಅಚ್ಚುಕಟ್ಟು, ಅದನ್ನು ಒಪ್ಪಲೇಬೇಕು.

ಈ ಗುಟ್ಟನ್ನು ಕಾಯುವುದೇ ಅವನ ದೊಡ್ಡ ಕೆಲಸವಾಯಿತು. ಲಾರಿಯನ್ನು ಗ್ಯಾರೇಜಿನವರಿಗೆ ಮುಟ್ಟಲು ಕೊಡುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಉಳಿದವರು ಫುಟ್‌ಬಾಲ್ ನೋಡಲು ಹೋದರೆ ಇವನು ಲಾರಿಯಡಿ ಬೆನ್ನು ಹಾಸಿ ಮಲಗಿ ಒಂದೊಂದು ಕೀಲಿಗೂ ಗ್ರೀಸು ತುಂಬುತ್ತಿದ್ದ, ಬ್ರೇಕು ತಾನೇ ಸರಿಮಾಡುತ್ತಿದ್ದ, ಗಾರ್ಡ್ನರ್ ಇಂಜಿನ್ನಿಗೆ ಕಿವಿಗೊಟ್ಟು ವೈದ್ಯನಂತೆ ತಲೆಯಾಡಿಸುತ್ತಿದ್ದ. ಬೇರೆ ಡ್ರೈವರುಗಳ ಹೆಂಡತಿಯರು ಗಂಡಂದಿರಿಗೆ, ಲಾರಿಯ ಮೇಲಿನ ಭಕ್ತಿ ಅಂದರೆ ಅದಪ್ಪಾ ಎಂದು ತೋರಿಸುತ್ತಿದ್ದರು. ಆ ಭಕ್ತಿಯಿಂದ ಲಾರಿಯೇನೋ ಬಹಳ ಚೆನ್ನಾಗಿತ್ತು.

ಸಾವಿರದ ಒಂಬೈನೂರ ಅರವತ್ತೆರಡರ ನವೆಂಬರಿನಲ್ಲಿ ಡ್ರೈವರುಗಳೆಲ್ಲ ಸೇರಿ ಧಣಿಯ ಆಫೀಸಿಗೆ ಹೋದರು. ಎಲ್ಲ ಲಾರಿಗಳಿಗೂ ಹೀಟರು ಬೇಕು ಎಂದು ಕೇಳಿದವನು ಸಿರಿಲ್ ನಟ್ಟಲ್. ಆಗತಾನೇ ಮದುವೆಯಾಗಿದ್ದವನು, ಮಾತು ಮೆತ್ತಗೆ, ಆದರೆ ಹಿಡಿದದ್ದನ್ನು ಬಿಡುವವನಲ್ಲ. ಧಣಿ ತನ್ನ ನಿದ್ದೆಯ ಸಿದ್ಧಾಂತ ಒಪ್ಪಿಸಿದ. ಸಿರಿಲ್ ಜಗ್ಗಲಿಲ್ಲ. ಕೊನೆಗೆ ಕ್ರಾಬ್‌ಟ್ರೀ, ಅಂಬ್ರೋಸನನ್ನೇ ಕೇಳೋಣ, ಅವನು ಬೇಕೆಂದರೆ ನಾಳೆಯೇ ಹಾಕಿಸುತ್ತೇನೆ ಎಂದ.

ಎಲ್ಲರೂ ಅಂಬ್ರೋಸನ ಕಡೆ ತಿರುಗಿದರು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೀಟರು ಬಂದರೆ ಹಾಕುವವರೂ ಬರುತ್ತಾರೆ. ಸೀಟು ಎತ್ತುತ್ತಾರೆ, ಇಂಜಿನ್ನಿನ ಮುಚ್ಚಳ ತೆಗೆಯುತ್ತಾರೆ. ಅಲ್ಲಿ ಆಗ್ನೆಸಳ ಬಿಸ್ಕತ್ತಿನ ಡಬ್ಬಿ, ಅದರ ಮೇಲೆ ಹೂಬುಟ್ಟಿ ಹಿಡಿದ ಹುಡುಗಿಯ ಚಿತ್ರ. ಇಷ್ಟು ವರ್ಷ ಗಳಿಸಿದ ಹೆಸರು ಹೂಬುಟ್ಟಿಯ ಜೊತೆ ಅಂಗಳಕ್ಕೆ ಬರುತ್ತದೆ.

"ನಂಗಂತೂ ಯಾವತ್ತೂ ಚಳಿ ಅನ್ಸಿಲ್ಲ," ಎಂದ ಅಂಬ್ರೋಸ್. "ಗಂಡಸಾದವನು ಕಾಲು ಎರಡು ಸಲ ಕುಟ್ಟಿದ್ರೆ ಆಯ್ತು. ಬೆಚ್ಚಗೆ ಇರಬೇಕು ಅನ್ನೋರು ಮಿಲ್ಲಿಗೆ ಹೋಗ್ಲಿ, ಅಲ್ಲಿ ಹೆಂಗಸರ ಜೊತೆ ಕೂತು ನೂಲು ತೆಗೀಲಿ."

ಧಣಿ ಅವನ ಬೆನ್ನು ತಟ್ಟಿದ. ಹೀಟರಿನ ಮಾತು ಅಲ್ಲಿಗೇ ಮುಗಿಯಿತು. ಸಿರಿಲ್ ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಹೋದ. ಸುದ್ದಿ ಆಗ್ನೆಸ್‌ಗೆ ಮುಟ್ಟಿತು. ರಾತ್ರಿಯೂಟಕ್ಕೆ ಅವನ ಮುಂದೆ ತಣ್ಣನೆಯ ಆಲೂಗಡ್ಡೆ, ತಣ್ಣನೆಯ ಮಾಂಸ ಇಟ್ಟಳು. ಬಿಸಿ ಮಾಡಲಿಲ್ಲವೇ ಎಂದದ್ದಕ್ಕೆ, "ಗಂಡಸಲ್ವಾ ನೀನು? ಎರಡು ಸಲ ಕಾಲು ಕುಟ್ಟಿ ತಿನ್ನು," ಎಂದಳು.

ಆ ಜನವರಿಯಲ್ಲಿ ಬಿದ್ದ ಹಿಮವನ್ನು ಅಲ್ಲಿಯವರು ಇನ್ನೂ ಮರೆತಿಲ್ಲ. ಅಂಬ್ರೋಸನೂ ಸಿರಿಲನೂ ಹಿಂದೆ ಮುಂದೆ ಗ್ಲಾಸ್ಗೋಗೆ ಹೊರಟಿದ್ದವರು, ಶ್ಯಾಪ್ ಗುಡ್ಡದ ನೆತ್ತಿಯ ಹತ್ತಿರ ಸಿಕ್ಕಿಬಿದ್ದರು. ಮುಂದೆಯೂ ಲಾರಿ, ಹಿಂದೆಯೂ ಲಾರಿ, ರಸ್ತೆಯೆಂಬುದೇ ಇಲ್ಲ. ಇಂಜಿನ್ ಆರಿಸಿದರೆ ಮತ್ತೆ ಹತ್ತುವುದಿಲ್ಲವೆಂದು ಎಲ್ಲರೂ ಅದನ್ನು ಗುರುಗುಟ್ಟಿಸುತ್ತಲೇ ಕೂತರು. ಕತ್ತಲಾಗುವ ಹೊತ್ತಿಗೆ ಸಿರಿಲನ ಲಾರಿಯಲ್ಲಿ ಡೀಸೆಲ್ಲು ತುಪ್ಪದಂತೆ ಹೆಪ್ಪುಗಟ್ಟಿ ಇಂಜಿನ್ ನಿಂತಿತು. ಅವನು ಇಳಿದು, ಹಿಮದಲ್ಲಿ ಸೊಂಟದವರೆಗೆ ಹೂತುಕೊಂಡು ಬಂದು ಅಂಬ್ರೋಸನ ಬಾಗಿಲು ತಟ್ಟಿದ.

ಅಂಬ್ರೋಸ್ ಒಳಗೆ ಅಂಗಿಯ ತೋಳು ಮಡಚಿಕೊಂಡು, ಬಿಸಿ ಮಾಡಿದ ಮಾಂಸದ ಪೈ ತಿನ್ನುತ್ತಿದ್ದ. ತಟ್ಟಿದ ಸದ್ದಿಗೆ ಗಾಬರಿಯಾಗಿ ಕೋಟು ಎಳೆದುಕೊಂಡ. ಬಾಗಿಲು ತೆಗೆದರೆ ಒಳಗಿನ ಬಿಸಿ ಸಿರಿಲನ ಮುಖಕ್ಕೆ ಹೊಡೆಯುತ್ತದೆ. ಗಾಜನ್ನು ಎರಡು ಬೆರಳಿನಷ್ಟು ಇಳಿಸಿದ.

"ಅಂಬ್ರೋಸಣ್ಣ, ನಂದು ನಿಂತೋಯ್ತು. ಸ್ವಲ್ಪ ಹೊತ್ತು ನಿನ್ನ ಜೊತೆ ಕೂತ್ಕೊಳ್ಲಾ?"

"ಇಲ್ಲೂ ಅಷ್ಟೇ ಚಳಿ ಕಣೋ," ಎಂದ ಅಂಬ್ರೋಸ್. "ಹೋಗಿ ಕಾಲು ಕುಟ್ಟು."

ನವೆಂಬರಿನಲ್ಲಿ ಮಿಲ್ಲಿಗೆ ಕಳಿಸಿದ ಮಾತು ಸಿರಿಲನ ಕಿವಿಯಲ್ಲಿ ಇದ್ದೇ ಇತ್ತು. ಇನ್ನೊಬ್ಬನ ಬಾಗಿಲು ತಟ್ಟಿ ಇನ್ನೊಂದು ಸಲ ಹೆಂಗಸೆನಿಸಿಕೊಳ್ಳುವುದು ಬೇಡವೆಂದು ತನ್ನ ಸತ್ತ ಲಾರಿಗೇ ವಾಪಸು ಹೋದ. ಅಂಬ್ರೋಸ್ ಪೈಯನ್ನು ಪಕ್ಕಕ್ಕಿಟ್ಟ. ಕರೆಯಲೇ ಎಂದು ಗಾಜಿಗೆ ಕೈ ಹಾಕಿದ, ತೆಗೆದ, ಮತ್ತೆ ಹಾಕಿದ. ವಯಸ್ಸಿನ ಹುಡುಗ, ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ ಬೆಚ್ಚಗೆ ನಿದ್ದೆ ಹೋದ. ಆ ಒಂದು ವಿಷಯದಲ್ಲಿ ಧಣಿಯ ಸಿದ್ಧಾಂತ ನಿಜವಾಗಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಆಕಾಶ ತಿಳಿಯಾಗಿತ್ತು. ಲಾರಿಯ ಮುಂದೆ ಡ್ರೈವರುಗಳು ಗುಂಪಾಗಿ ನಿಂತಿದ್ದರು. ಅಂಬ್ರೋಸ್ ಕೈಯೆತ್ತಿದ. ಯಾರೂ ಎತ್ತಲಿಲ್ಲ. ಅವರು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಅದಕ್ಕಿಂತ ಮೇಲೆ ಎಲ್ಲೋ. ಅವನಿಗೆ ಅರ್ಥವಾಗಲಿಲ್ಲ. ಕೋಟಿನ ಗುಂಡಿ ಬಿಚ್ಚಿಕೊಂಡೇ, ರೂಢಿಯ ಗತ್ತಿನಲ್ಲಿ ಇಳಿದು, ತಿರುಗಿ ನೋಡಿದ.

ಸಾಲಿನಲ್ಲಿದ್ದ ಎಲ್ಲ ಲಾರಿಗಳ ತಲೆಯ ಮೇಲೂ ಮೊಳದುದ್ದ ಹಿಮ ಕೂತಿತ್ತು. ಅವನ ಲಾರಿಯ ಸಾಮಾನಿನ ಮೇಲೂ ಇತ್ತು. ಡ್ರೈವರು ಕೂರುವ ಕ್ಯಾಬಿನ್ನಿನ ಮೇಲೆ ಮಾತ್ರ ಒಂದು ಚೂರೂ ಇರಲಿಲ್ಲ. ತೊಳೆದಿಟ್ಟಂತಿದ್ದ ಕೆಂಪು ಬಣ್ಣದ ಮೇಲೆ ಸಣ್ಣಗೆ ಹಬೆಯಾಡುತ್ತಿತ್ತು, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಬ್ಬ ಬಾಗಿಲು ತೆಗೆದು ಒಳಗೆ ಕೈಯಿಟ್ಟ. ಇನ್ನೊಬ್ಬ ಸೀಟು ಎತ್ತಿದ. ಅದೇ ಹೊತ್ತಿಗೆ ಹಿಂದಿನ ಲಾರಿಯಿಂದ ಸಿರಿಲನನ್ನು ಇಬ್ಬರು ಹೆಗಲ ಮೇಲೆ ಹೊತ್ತು ತಂದರು. ಅವನಿಗೆ ಎಡಗಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಸಿರಿಲನನ್ನು ಅಂಬ್ರೋಸನದೇ ಕ್ಯಾಬಿನ್ನಿನಲ್ಲಿ ಮಲಗಿಸಿ ಬಾಗಿಲು ಹಾಕಿಕೊಂಡರು. ಅಂಬ್ರೋಸ್ ಹೊರಗೆ ಹಿಮದಲ್ಲಿ ನಿಂತ. ಅವನು ಕಾಲು ಕುಟ್ಟಲಿಲ್ಲ. ಕುಟ್ಟುವ ಮುಖ ಇರಲಿಲ್ಲ.

ಆಸ್ಪತ್ರೆಯಲ್ಲಿ ಸಿರಿಲನ ಎಡಗಾಲಿನಲ್ಲಿ ಚಳಿಗೆ ಸತ್ತುಹೋಗಿದ್ದ ಮೂರು ಬೆರಳು ತೆಗೆದರು. ಕ್ರಾಬ್‌ಟ್ರೀಗೆ ವಿಷಯ ಗೊತ್ತಾದಾಗ ಸಿಟ್ಟು ಬರುತ್ತದೆ ಎಂದು ಎಲ್ಲರೂ ಕಾದರು. ಅವನು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದಕ್ಕೆ ಎಷ್ಟು ಖರ್ಚಾಯಿತು ಎಂದು ಕೇಳಿದ. ಏನೂ ಇಲ್ಲ ಎಂದಾಗ ಅವನ ಮುಖ ಚರ್ಚಿನಲ್ಲಿ ಹಾಡುವಾಗಿನಂತೆ ಬೆಳಗಿತು. ನಿದ್ದೆಯ ಸಿದ್ಧಾಂತವನ್ನು ಅಲ್ಲೇ ಕೈಬಿಟ್ಟ. ಪ್ರತಿ ಲಾರಿಗೂ ಇಂಥದೇ ಒಂದನ್ನು ಅಂಬ್ರೋಸನೇ ಮಾಡಿ ಹಾಕಬೇಕು, ಭಾನುವಾರಗಳಲ್ಲಿ, ಸಂಬಳವಿಲ್ಲದೆ ಎಂದು ಅಪ್ಪಣೆಯಾಯಿತು.

ಅಂಬ್ರೋಸ್ ಒಪ್ಪಿಕೊಂಡ. ಊರಿನ ಹೆಂಗಸರು ಖಾಲಿ ಡಬ್ಬಿಗಳನ್ನು ಅವನ ಮನೆಬಾಗಿಲಲ್ಲಿ ತಂದಿಟ್ಟು ಹೋದರು, ಕೆಲವರು ಬೇಕೆಂದೇ ಹೂವಿನ ಚಿತ್ರದವನ್ನು ಆರಿಸಿ ತಂದರು. ಡ್ರೈವರುಗಳು ಆ ಯಂತ್ರಕ್ಕೆ 'ಗಂಡಸು' ಎಂದು ಹೆಸರಿಟ್ಟರು. ಚಳಿಯಾದರೆ, ಗಂಡಸನ್ನು ಸ್ವಲ್ಪ ಈ ಕಡೆ ತಿರುಗಿಸೋ ಎನ್ನುವುದು ವಾಡಿಕೆಯಾಯಿತು. ಅಂಬ್ರೋಸ್ ಅದನ್ನು ಕೇಳಿಸಿಕೊಂಡೂ ಕೇಳಿಸದವನಂತೆ ಡಬ್ಬಿ ಬಡಿಯುತ್ತಿದ್ದ.

ಸಿರಿಲ್ ಕುಂಟುತ್ತ ಕೆಲಸಕ್ಕೆ ವಾಪಸಾದದ್ದು ಮಾರ್ಚಿನಲ್ಲಿ. ಅವನ ಲಾರಿಗೆ ಹಾಕುವ ದಿನ ಅಂಬ್ರೋಸ್ ಎಲ್ಲಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಪೈಪನ್ನು ಸೀಟಿನ ಕೆಳಗೆ ಬಿಡದೆ ಕ್ಲಚ್ಚಿನವರೆಗೆ ಎಳೆದು, ಎಡಗಾಲು ಇಡುವ ಜಾಗಕ್ಕೆ ಸರಿಯಾಗಿ ಬಾಯಿ ತೆರೆಸಿದ. ಕ್ಷಮಿಸು ಎನ್ನಬೇಕೆಂದು ಮನೆಯಿಂದಲೇ ಅಭ್ಯಾಸ ಮಾಡಿಕೊಂಡು ಬಂದಿದ್ದ. ಸಿರಿಲ್ ಹತ್ತಿ ಕೂತು ಇಂಜಿನ್ ಹಚ್ಚಿದ. ಅಂಬ್ರೋಸ್ ಕೆಳಗೆ ಮೆಟ್ಟಿಲ ಹತ್ತಿರ ಸ್ಪ್ಯಾನರು ಹಿಡಿದು ನಿಂತಿದ್ದವನು, ಇಂಜಿನ್ ಬಿಸಿಯಾಗುವವರೆಗೆ ಕಾದ. ಆಮೇಲೆ ಅವನ ಬಾಯಿಂದ ಬಂದದ್ದು ಇಷ್ಟೇ:

"ಬೆಚ್ಚಗಿದೆಯೇನೋ?"

ಸಿರಿಲ್ ಬೂಟು ಬಿಚ್ಚಿ ಕಾಲನ್ನು ಪೈಪಿನ ಬಾಯಿಗೆ ಹಿಡಿದ.

"ಚೆನ್ನಾಗಿದೆ ಅಂಬ್ರೋಸಣ್ಣ," ಎಂದ. "ಉಳಿದಿರೋ ಎರಡಕ್ಕೂ ಗೊತ್ತಾಗ್ತಿದೆ."