ಹೆಸರು ಕೇಳದ ಹಟ್ಟಿ

ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿದ ವರ್ಷ ಜತ್ತದಲ್ಲಿ ಒಂದು ಕಲ್ಲು ನೆಟ್ಟು, ನಲವತ್ತೆರಡರ ಚಳವಳಿಯಲ್ಲಿ ಕಷ್ಟಪಟ್ಟ ತಾಲೂಕಿನವರ ಹೆಸರು ಕೆತ್ತಿಸಬೇಕೆಂದು ಠರಾವಾಯಿತು. ಮಾಡಗ್ಯಾಳದ ಕಡೆಯ ಹಳ್ಳಿಗಳ ಯಾದಿ ಮಾಡುವ ಕೆಲಸ ಜತ್ತದ ಸಾಲೆಯಲ್ಲಿ ಮಾಸ್ತರನಾಗಿದ್ದ ನನಗೆ ಬಂತು. ರವಿವಾರ ಬೆಳಿಗ್ಗೆ ಆರಕ್ಕೆ ಸೈಕಲ್ ಹತ್ತಿ ಸಂಜೆ ಆರಕ್ಕೆ ಇಳಿಯುತ್ತಿದ್ದೆ. ಒಂದು ವಾರವೂ ತಪ್ಪಿಸಲಿಲ್ಲ. ಬಹಳ ಕಡೆ ಸಿಕ್ಕಿದ್ದು ಚಹಾ ಮತ್ತು ಮರೆವು ಮಾತ್ರ.

ಮಾಡಗ್ಯಾಳದ ಹೊರಗೆ ಒಬ್ಬ ಮುದಿ ಕುರುಬ ಸಿಕ್ಕ. ಬ್ರಿಟಿಷರ ಮುಲಕಿನಿಂದ ತಪ್ಪಿಸಿಕೊಂಡು ನಮ್ಮ ಜತ್ತ ಸಂಸ್ಥಾನದೊಳಗೆ ಬಂದ ಒಬ್ಬ ಚಳವಳಿಗಾರನಿಗೆ ಅವನೂ ಅವನ ಅಣ್ಣನೂ ಕಂಬಳಿ ಹೊದಿಸಿ, ತಿಂಗಳಿಡೀ ಕುರಿಗಳ ಜೊತೆ ತಿರುಗಾಡಿಸಿದ್ದರು. ಸಂಸ್ಥಾನದ ಹದ್ದು ದಾಟಿ ಬಂದ ಬ್ರಿಟಿಷ್ ಪೊಲೀಸರು ಅಣ್ಣನನ್ನು ಹಿಡಿದು ಬಡಿದರು. ಅವನು ಬಾಯಿ ಬಿಡಲಿಲ್ಲ. ಆಮೇಲೆ ಕುರಿಗಳ ಹಿಂದೆ ನಡೆಯಲೂ ಆಗದೆ ತೀರಿಕೊಂಡ.

“ನೀವು ಕಂಬಳಿ ಹೊದಿಸಿದ ಆ ಮನಷ್ಯಾನ ಹೆಸರೇನು?” ಎಂದೆ. ಸರಕಾರ ಕೊಟ್ಟ ನಮೂನೆಯಲ್ಲಿ ‘ಯಾರಿಗೆ ಆಸರೆ ಕೊಟ್ಟರು’ ಎಂಬ ಕಾಲಮು ತುಂಬಲೇಬೇಕಿತ್ತು.

“ಗೊತ್ತಿಲ್ರಿ.”

“ಒಂದ ತಿಂಗಳ ರೊಟ್ಟಿ ಹಾಕಿ ಹೆಸರ ಕೇಳಲಿಲ್ಲಾ?”

“ಹಟ್ಟ್ಯಾಗ ಉಂಡಾವ ಮನ್ಯಾವರಿ. ಮನ್ಯಾವನ ಹೆಸರ ಕೇಳ್ತಾರೇನ್ರಿ? ನೀವು ಸಾಲಿ ಮಂದಿ, ನಾಯಿ ಬಂದ್ರೂ ಹಾಜರಿ ತಗೋತೀರಿ.”

ನನಗೆ ನಗು ಬಂತು. ಅವನು ನಗಲಿಲ್ಲ. “ನಂದು ಬ್ಯಾಡ್ರಿ. ಅಣ್ಣಂದೊಂದು ಬರಲಿ ಕಲ್ಲಿನ ಮ್ಯಾಲ.”

ಇಂಥ ಕಾಲಮಿನಲ್ಲಿ ಕೆಲವರು ಯಾರೋ ಪುಢಾರಿಯ ಹೆಸರು ಬರೆದು ಕೆಲಸ ಮುಗಿಸುತ್ತಿದ್ದರು. ನನ್ನ ಕೈಗೆ ಆ ರೂಢಿಯಿರಲಿಲ್ಲ. ‘ಗೊತ್ತಿಲ್ಲ’ ಎಂದು ಕಚೇರಿಯ ಭಾಷೆಯಾದ ಮರಾಠಿಯಲ್ಲಿ ಚೆನ್ನಾಗಿ ದುಂಡಗೆ ಬರೆದೆ. ಆ ಹೆಸರಿಲ್ಲದೆ ನಡೆಯದೆಂದು ನಮೂನೆ ಮರಳಿ ಬಂತು. ಫೈಲಿಗೆ ಹಚ್ಚಿದೆ. ಹೋಗಿ ಅವನಿಗೆ ಹೇಳಬೇಕಿತ್ತು. ಆದರೆ ನನ್ನ ರವಿವಾರಗಳು ಮುಗಿದಿದ್ದವು, ಕಾಲುಗಳೂ ಸೋತಿದ್ದವು.

ಕಲ್ಲು ನೆಟ್ಟ ಮೇಲೆ ಒಂದು ಬೆಳಿಗ್ಗೆ ಅವನೇ ಸಾಲೆಯ ಬಾಗಿಲಿಗೆ ಬಂದ. “ನಡೀರಿ ಮಾಸ್ತರ, ಒಂದೀಟು ಓದ್ರಿ.”

ಕಲ್ಲಿನ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ಓದಿದೆ. ಮುಗಿದ ಮೇಲೂ ಅವನು ಕಾಯುತ್ತಿದ್ದ.

“ಇಷ್ಟ ಅದಾವ,” ಎಂದೆ.

ಅವನು ಬಗ್ಗಿ ಕಲ್ಲಿನ ಬುಡದ ಖಾಲಿ ಜಾಗ ಸವರಿದ. “ಇಲ್ಲಿ ಜಾಗಾ ಐತೆಲ್ರಿ.”

ನಮೂನೆಯ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

“ಹಂಗಾರ ನಾವು ಕೇಳಬೇಕಾಗಿತ್ತು,” ಎಂದ. ಮೇಲೆದ್ದು, “ಕೇಳಿದ್ರ ಅಣ್ಣ ಬೈತಿದ್ದ,” ಎಂದ. ಕಂಬಳಿ ಹೆಗಲಿಗೇರಿಸಿದ. “ಹೋಗ್ರಿ ಲಗೂನ, ಹುಡುಗ್ರು ಕಾಯ್ತಾವ.”

ಹೋದೆ. ಹಾಜರಿ ಪುಸ್ತಕ ತೆರೆದೆ. ಆ ದಿನ ಯಾರ ಹೆಸರನ್ನೂ ಕೂಗಲಿಲ್ಲ. ತಲೆ ಎಣಿಸಿ ಮುಚ್ಚಿಟ್ಟೆ.